ಗಮನವಿಲ್ಲದವರು ಯಾರು?

ನಮ್ಮ ಶಾಲೆಗಳ ಪ್ರಗತಿಪತ್ರದಲ್ಲಿ ಒಂದೊಂದು ವಿಷಯದ ಅಂಕಕ್ಕೂ ಒಂದೊಂದು ಪುಟ್ಟ ಚೌಕವಿರುತ್ತದೆ. ಕೊನೆಯಲ್ಲಿ ಉಪಾಧ್ಯಾಯರ ಅಭಿಪ್ರಾಯಕ್ಕೆಂದು ಒಂದು ಉದ್ದನೆಯ ಸಾಲು. ತರಗತಿಯ ಹಿಂದಿನ ಬೆಂಚಿನ ಮಗುವಿನದಾದರೆ, ಆ ಸಾಲಿನಲ್ಲಿ ಏನು ಬರೆದಿದೆಯೆಂಬುದನ್ನು ಕಾರ್ಡು ತೆರೆಯದೆಯೇ ಹೇಳಬಹುದು: ‘ಪಾಠದಲ್ಲಿ ಗಮನವಿಲ್ಲ.’ ಶಿವಮೊಗ್ಗದ ದೊಡ್ಡ ಶುಲ್ಕದ ಶಾಲೆಯಿರಲಿ, ಭದ್ರಾವತಿಯ ಕಾರ್ಖಾನೆಯ ಕಾಲೋನಿಯ ಮಗ್ಗುಲಲ್ಲಿರುವ ಶಾಲೆಯಿರಲಿ, ಈ ಮಾತಿಗೆ ಮಾತ್ರ ಬಡವ ಬಲ್ಲಿದರೆಂಬ ಭೇದವಿಲ್ಲ. ಬರೆದವರಿಗೆ ಅದು ಅರ್ಧ ನಿಮಿಷದ ಕೆಲಸ. ಸಹಿ ಹಾಕಿ ಮುಂದಿನ ಕಾರ್ಡು ಎತ್ತಿಕೊಳ್ಳುತ್ತಾರೆ. ಮನೆಯಲ್ಲಿ ಅದನ್ನು ಓದಿಕೊಂಡ ತಂದೆಯ ಸಿಟ್ಟೂ ತಾಯಿಯ ಕಣ್ಣೀರೂ ಅವರ ಲೆಕ್ಕಕ್ಕೆ ಬರುವುದಿಲ್ಲ.

ನಾನು ಹೇಳಬಂದದ್ದು ಇಷ್ಟೆ: ಅಕ್ಷರ ಹತ್ತಲು ತೊಡಕುಪಡುವ, ಮಾತು ತಡವಾಗಿ ಬಂದ, ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳನ್ನು ಕುರಿತು ಬರೆಯುವ ಈ ಎರಡು ಪದ, ವರ್ಣನೆಯೆಂದು ತೆಗೆದುಕೊಂಡರೆ ಸುಳ್ಳು, ತೀರ್ಪೆಂದು ತೆಗೆದುಕೊಂಡರೆ ಅನ್ಯಾಯ. ಬರೆಯುವವರಲ್ಲಿ ಬಹುಪಾಲು ಸಜ್ಜನರೇ, ನನ್ನ ವೃತ್ತಿಬಾಂಧವರೇ. ಸಜ್ಜನರು ಅಭ್ಯಾಸಬಲದಿಂದ ಮಾಡುವ ಅನ್ಯಾಯವನ್ನು ತಿದ್ದುವುದು ದುರ್ಜನರದನ್ನು ತಿದ್ದುವುದಕ್ಕಿಂತ ಕಷ್ಟವೆಂದು ಬಲ್ಲೆ. ಆದಕಾರಣ ಸ್ವಲ್ಪ ಗಟ್ಟಿಯಾಗಿಯೇ ಮಾತನಾಡುತ್ತೇನೆ.

ಮೊದಲು ಪದವನ್ನೇ ವಿಚಾರಿಸೋಣ. ಕನ್ನಡದ ಮೇಷ್ಟರಿಗೆ ಅದು ಕುಲಕಸುಬು. ‘ಗಮನ’ವೆಂದರೆ ಮೂಲದಲ್ಲಿ ಹೋಗುವುದು, ನಡೆ. ಆಗಮನ, ನಿರ್ಗಮನ, ಗಜಗಮನೆ, ಎಲ್ಲದರಲ್ಲಿಯೂ ಇರುವುದು ಆ ನಡೆಯೇ. ಮನಸ್ಸು ಒಂದು ವಸ್ತುವಿನ ಕಡೆಗೆ ನಡೆದುಹೋಗುವುದಕ್ಕೆ ಗಮನವೆಂದರು. ಹಾಗಿದ್ದರೆ ಕಿಟಕಿಯಾಚೆಯ ಗುಬ್ಬಿಯ ಕಡೆಗೆ, ಪಕ್ಕದವನ ಪೆನ್ಸಿಲಿನ ಕಡೆಗೆ, ಮೇಷ್ಟರ ಅಂಗಿಯ ಕಳಚಿದ ಗುಂಡಿಯ ಕಡೆಗೆ ಗಳಿಗೆಗೊಮ್ಮೆ ನಡೆದುಹೋಗುವ ಮಗುವಿಗೆ ಗಮನವಿಲ್ಲವೆನ್ನುವುದು ಹೇಗೆ? ಅದಕ್ಕಿರುವುದೆಲ್ಲ ಗಮನವೇ. ನಾವು ಹೇಳಿದ ಕಡೆಗೆ ಹೋಗಲಿಲ್ಲ ಎಂಬುದಷ್ಟೇ ನಮ್ಮ ದೂರು.

ನಮ್ಮ ಆಡುಮಾತಂತೂ ಇನ್ನೂ ಜಾಣತನದ್ದು. ಕಿವಿಗೊಡು, ಕಣ್ಣಿಡು, ಮನಸ್ಸಿಡು, ಕೈಹಚ್ಚು ಎನ್ನುತ್ತೇವೆ. ಗಮನವೆಂಬುದು ಒಂದೇ ಮುದ್ದೆಯಲ್ಲ, ಅದಕ್ಕೆ ಕಿವಿಯ ದಾರಿ ಬೇರೆ, ಕಣ್ಣಿನ ದಾರಿ ಬೇರೆ, ಕೈಯ ದಾರಿ ಬೇರೆ ಎಂದು ಅಕ್ಷರವರಿಯದ ಹಿರಿಯರೂ ತಿಳಿದಿದ್ದರು. ಈಗಿನ ಮನಶ್ಶಾಸ್ತ್ರಜ್ಞರು ಒಂದನ್ನು ಆರಿಸಿಕೊಳ್ಳುವ ಗಮನ, ಅದರಲ್ಲೇ ನಿಲ್ಲುವ ಗಮನ, ಒಂದರಿಂದ ಇನ್ನೊಂದಕ್ಕೆ ದಾಟುವ ಗಮನ, ಎರಡಕ್ಕೆ ಹಂಚಿಕೊಳ್ಳುವ ಗಮನ ಎಂದು ವಿಂಗಡಿಸುತ್ತಾರೆ. ಒಂದು ಮಗುವಿನಲ್ಲಿ ಇವುಗಳಲ್ಲೊಂದು ಕುಂಟಿದರೆ ಉಳಿದವೂ ಕುಂಟಬೇಕೆಂಬ ನಿಯಮವಿಲ್ಲ. ಶಾಲೆಯೊಂದೇ ಇವನ್ನೆಲ್ಲ ಒಂದೇ ಹರಿವಾಣದಲ್ಲಿ ಸುರಿದು, ಅಲುಗಾಡದೆ ಕುಳಿತು ಕರಿಹಲಗೆ ನೋಡುವುದಕ್ಕೆ ಮಾತ್ರ ಗಮನವೆಂದು ಹೆಸರಿಟ್ಟಿದೆ.

ಗಮನಕ್ಕೆ ಇನ್ನೊಂದು ಹೆಸರು ಅವಧಾನ. ಅಷ್ಟಾವಧಾನಿಯ ಸುತ್ತ ಎಂಟು ಮಂದಿ ಪೃಚ್ಛಕರು ಕುಳಿತು ಆತನ ಚಿತ್ತವನ್ನು ಎಂಟು ಕಡೆಗೆ ಎಳೆಯುತ್ತಾರೆ; ಅವರಲ್ಲೊಬ್ಬನ ಕೆಲಸ ಅಪ್ರಸ್ತುತ ಪ್ರಸಂಗ, ಅಂದರೆ ನಡುನಡುವೆ ತಲೆಹರಟೆ ಮಾಡಿ ಕೆಡಿಸುವುದು. ಶತಾವಧಾನಿ ಆರ್. ಗಣೇಶರ ಅವಧಾನಕ್ಕೆ ಕುಳಿತು ನಾವೆಲ್ಲ ಚಪ್ಪಾಳೆ ತಟ್ಟಿದ್ದೇವೆ. ವಿದ್ವಾಂಸನ ಸಾಧನೆಗೂ ಮಗುವಿನ ತೊಡಕಿಗೂ ಹೋಲಿಕೆ ಕಟ್ಟುವಷ್ಟು ಮರುಳು ನಾನಲ್ಲ. ಆದರೆ ಅಪ್ರಸ್ತುತ ಪ್ರಸಂಗವನ್ನು ತಾಳಿಕೊಳ್ಳುವುದು ಅಸಾಧಾರಣ ವಿದ್ಯೆಯೆಂದು ಸಭೆಯಲ್ಲಿ ಒಪ್ಪುವ ನಾವು, ಐವತ್ತು ಮಕ್ಕಳ ಗದ್ದಲ, ರಸ್ತೆಯ ಹಾರನ್ನು, ಪಕ್ಕದ ಕೋಣೆಯ ಮಗ್ಗಿ, ಇವೆಲ್ಲದರ ನಡುವೆ ಏಳು ವರ್ಷದ ಹುಡುಗಿಯೊಬ್ಬಳು ಅದನ್ನು ಪುಕ್ಕಟೆಯಾಗಿ ಮಾಡಿ ತೋರಿಸಬೇಕೆಂದು ಬಯಸುತ್ತೇವೆ.

‘ಇಷ್ಟು ವಯಸ್ಸಿಗೆ ಇಷ್ಟು ನಿಮಿಷದ ಗಮನವಿರಬೇಕು’ ಎಂಬ ಸೂತ್ರವೊಂದು ಶಿಕ್ಷಕರ ತರಬೇತಿಗಳಲ್ಲಿ ಓಡಾಡುತ್ತದೆ: ವಯಸ್ಸಿನ ವರ್ಷವೊಂದಕ್ಕೆ ಎರಡರಿಂದ ಐದು ನಿಮಿಷ. ಎಂಟು ವರ್ಷದ ಮಗುವಿಗೆ ಈ ಪ್ರಕಾರ ಹದಿನಾರರಿಂದ ನಲವತ್ತು ನಿಮಿಷ. ಹದಿನಾರಕ್ಕೂ ನಲವತ್ತಕ್ಕೂ ಅಂತರವಿಲ್ಲವೆನ್ನುವ ತಕ್ಕಡಿಯಲ್ಲಿ ಯಾವ ಅಂಗಡಿಯವನು ಬೆಲ್ಲ ತೂಗಿಯಾನು? ಯಾವುದರ ಮೇಲಿನ ಗಮನ, ಯಾವ ಹೊತ್ತಿನಲ್ಲಿ, ಹೊಟ್ಟೆ ತುಂಬಿದ ಮೇಲೋ ಮುಂಚೆಯೋ ಎಂದು ಕೇಳದೆ ನಿಮಿಷ ಎಣಿಸಿ ಫಲವಿಲ್ಲ. ೨೦೧೫ರಲ್ಲಿ ಕೆನಡಾದ ಮೈಕ್ರೋಸಾಫ್ಟ್ ಸಂಸ್ಥೆಯ ವರದಿಯೊಂದರಿಂದ ಇನ್ನೊಂದು ಕತೆ ಜಗತ್ತಿಗೆಲ್ಲ ಹಬ್ಬಿತು: ಮನುಷ್ಯನ ಗಮನ ಎಂಟು ಸೆಕೆಂಡಿಗೆ ಇಳಿದಿದೆಯಂತೆ, ಗಾಜಿನ ತೊಟ್ಟಿಯ ಹೊಂಬಣ್ಣದ ಮೀನಿನದು ಒಂಬತ್ತಂತೆ. ಬುಡ ಹುಡುಕಿದವರಿಗೆ ಆ ಸಂಖ್ಯೆಯ ಹಿಂದೆ ಯಾವ ಪ್ರಯೋಗವೂ ಸಿಕ್ಕಲಿಲ್ಲ. ನಮ್ಮ ಕಾಲೇಜಿನ ಸಿಬ್ಬಂದಿ ಸಭೆಯಲ್ಲಿ ಯಾರಾದರೂ ಗಡಿಯಾರ ಹಿಡಿದು ಕುಳಿತರೆ ಮೀನಿಗೆ ಗೆಲುವು ಖಂಡಿತ. ಹಾಗೆಂದು ನಮಗೆ ಯಾರೂ ಕಾಯಿಲೆಯ ಹೆಸರು ಕೊಡುವುದಿಲ್ಲ.

ಭದ್ರಾವತಿಯಲ್ಲಿ ನನಗೆ ಪರಿಚಯದ ಒಂದು ಮನೆಯಿದೆ. ಮನೆಯ ಹುಡುಗನಿಗೆ ಮಾತು ಬಂದದ್ದು ತಡವಾಗಿ. ಮೂರನೆಯ ತರಗತಿ ಮುಗಿದರೂ ಕಾಗುಣಿತ ಹತ್ತಿರಲಿಲ್ಲ. ಬೆಂಚಿನಲ್ಲಿ ಕುಳಿತಲ್ಲಿ ಕುಳಿತವನಲ್ಲ. ಕಾರ್ಡಿನಲ್ಲಿ ವರ್ಷವರ್ಷವೂ ಅದೇ ಎರಡು ಪದ. ಅವರಿಗೆ ಊರಾಚೆ ಒಂದಿಷ್ಟು ತೋಟವಿದೆ. ಕೊಯ್ಲಿನ ಕಾಲದಲ್ಲಿ ಒಮ್ಮೆ ಹೋಗಿದ್ದಾಗ ಜಗಲಿಯ ಮೇಲೆ ಹುಡುಗ ಒಣಗಿದ ಅಡಿಕೆಯ ರಾಶಿಯ ಮುಂದೆ ಕುಳಿತಿದ್ದ. ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಜಾತಿಜಾತಿಗೂ ದರ ಬೇರೆಬೇರೆ. ಆರಿಸುವುದರಲ್ಲಿ ತಪ್ಪಿದರೆ ನಷ್ಟ. ಹುಡುಗ ಒಂದೊಂದನ್ನೂ ಬೆಳಕಿಗೆ ಹಿಡಿದು, ಬೆರಳಿನಲ್ಲಿ ಉರುಳಿಸಿ, ಬೇರೆಬೇರೆ ಮೊರಕ್ಕೆ ಹಾಕುತ್ತಿದ್ದ. ನಾನು ಕಾಫಿ ಕುಡಿದು, ಅವನ ತಂದೆಯೊಡನೆ ಊರ ರಾಜಕೀಯವನ್ನೆಲ್ಲ ಮಾತನಾಡಿ ಮುಗಿಸುವವರೆಗೆ ಅವನು ತಲೆಯೆತ್ತಲಿಲ್ಲ. ತಾಯಿ ಹೇಳಿದರು: “ಇದಕ್ಕೆ ಕೂತ್ರೆ ಊಟಕ್ಕೆ ಕರೆದ್ರೂ ಏಳಲ್ಲ ಸಾರ್. ಸ್ಕೂಲಲ್ಲಿ ನೋಡಿದ್ರೆ ಗಮನ ಇಲ್ಲ ಅಂತಾರೆ. ಯಾವ್ದು ನಿಜ ನೀವೇ ಹೇಳಿ.”

ಮಕ್ಕಳನ್ನು ಅಡಿಕೆ ಮಂಡಿಗೆ ಅಟ್ಟಿರೆಂದು ನಾನು ಬರೆದೆನೆಂದು ಯಾರೂ ಸಂಪಾದಕರಿಗೆ ಕಾಗದ ಹಾಕಬಾರದು. ನನ್ನ ಪ್ರಶ್ನೆ ಇಷ್ಟೆ. ಬಣ್ಣ, ಗಾತ್ರ, ಮೈಯ ನೆರಿಗೆ ಮೂರನ್ನೂ ಒಟ್ಟಿಗೆ ಹಿಡಿದು ಗಂಟೆಗಟ್ಟಲೆ ತಪ್ಪದೆ ವಿಂಗಡಿಸಬಲ್ಲ ಮಗುವಿಗೆ ಗಮನವಿಲ್ಲವೇ? ಇದೆ, ಕಣ್ಣು ಕೈಗಳ ದಾರಿಯಲ್ಲಿ ಧಾರಾಳವಾಗಿ ಇದೆ. ಇಲ್ಲದಿರುವುದು ಆ ದಾರಿಯಲ್ಲಿ ಅಕ್ಷರವನ್ನೂ ಲೆಕ್ಕವನ್ನೂ ತಂದುಕೊಡಬಲ್ಲ ಶಾಲೆ.

ಇನ್ನು ‘ಗಮನವಿಲ್ಲ’ವೆಂಬ ಚೀಟಿ ಅಂಟಿಸಿದ ಡಬ್ಬಿಯನ್ನು ತೆರೆದು ನೋಡಿದರೆ ಒಳಗೆ ಒಂದೇ ಪದಾರ್ಥವಿರುವುದಿಲ್ಲ. ನಮ್ಮ ಕನ್ನಡದ ಓದನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನ ಮಗುವಿಗೆ ಇಪ್ಪತ್ತಾರು ಅಕ್ಷರ. ಕನ್ನಡದ ಮಗುವಿಗೆ ವರ್ಣಮಾಲೆಯೇ ನಲವತ್ತೊಂಬತ್ತು, ಕಾಗುಣಿತ ಸೇರಿದರೆ ಐನೂರರ ಹತ್ತಿರ, ಮೇಲೆ ಒತ್ತಕ್ಷರಗಳ ಸಂಸಾರ. ಕನ್ನಡ ಓದು ಕಲಿಯುವ ಮಕ್ಕಳನ್ನು ಕುರಿತು ಸೋನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವು, ಸಾಧಾರಣ ಮಕ್ಕಳಲ್ಲಿಯೇ ಈ ಅಕ್ಷರಜ್ಞಾನ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆಂದು ತೋರಿಸಿತು. ನಮ್ಮ ಶಾಲೆಗಳೋ ಒಂದನೆಯ ತರಗತಿ ದಾಟುವ ಹೊತ್ತಿಗೆ ಕಾಗುಣಿತದ ಬಾಕಿ ತೀರಿತೆಂದು ಲೆಕ್ಕ ಮುಚ್ಚಿಬಿಡುತ್ತವೆ. ಡಿಸ್ಲೆಕ್ಸಿಯದ ಮಗು ಅಕ್ಷರದ ಕೆಳಗಿನ ಒತ್ತನ್ನು, ಬಲಕ್ಕಿರುವ ದೀರ್ಘವನ್ನು ಹಿಡಿಯುವುದಕ್ಕೇ ತನ್ನ ಶಕ್ತಿಯನ್ನೆಲ್ಲ ವೆಚ್ಚಮಾಡುತ್ತದೆ. ‘ಕತೆ’ ಇದ್ದಲ್ಲಿ ‘ಕತ್ತೆ’ ಎಂದು ಓದುತ್ತದೆ. ತರಗತಿ ಘೊಳ್ಳೆಂದು ನಗುತ್ತದೆ. ಹತ್ತು ನಿಮಿಷದಲ್ಲಿ ಮಗು ದಣಿಯುತ್ತದೆ, ಕಿಟಕಿಯ ಕಡೆ ತಿರುಗುತ್ತದೆ. ಕಿಟಕಿಯ ಕಡೆ ತಿರುಗಿದ್ದನ್ನು ನಾವು ಬರೆದುಕೊಂಡೆವು. ಅದಕ್ಕೆ ಮುಂಚಿನ ಹತ್ತು ನಿಮಿಷ ಅದು ಉಳಿದವರೆಲ್ಲರಿಗಿಂತ ಹೆಚ್ಚಾಗಿ ಮನಸ್ಸಿಟ್ಟಿತ್ತೆಂಬುದನ್ನು ಯಾವ ಚೌಕದಲ್ಲಿ ಬರೆದೆವು?

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕಿವಿಯ ದೋಷ ಬಹಳ ಸಾಮಾನ್ಯ. ಅರ್ಧ ಕೇಳದ ಮಗು ಕರೆದಾಗ ತಿರುಗುವುದಿಲ್ಲ, ಗಮನವಿಲ್ಲವೆನ್ನುತ್ತೇವೆ. ಅವರಲ್ಲಿ ಕೇಳಿದ್ದಕ್ಕಿಂತ ಕಂಡದ್ದು ಚೆನ್ನಾಗಿ ನೆನಪಿನಲ್ಲಿ ನಿಲ್ಲುವುದೇ ಹೆಚ್ಚು. ನಾವು ಚಿತ್ರ ತೋರಿಸದೆ ಗಂಟೆಗಟ್ಟಲೆ ಹೇಳುತ್ತೇವೆ. ಆಟಿಸಂ ಇರುವ ಎಷ್ಟೋ ಮಕ್ಕಳಲ್ಲಿ ಗಮನ ಕಡಿಮೆಯಲ್ಲ, ಬಾವಿಯಂತೆ ಆಳವಾದದ್ದು. ಒಂದರಲ್ಲಿ ಇಳಿದರೆ ಮೇಲೆ ಬರುವುದಕ್ಕೆ ಹೊತ್ತು ಬೇಕು. ನಲವತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಗಣಿತದಿಂದ ಸಮಾಜಕ್ಕೆ, ಸಮಾಜದಿಂದ ಹಿಂದಿಗೆ ಎಳೆದಾಡಿದರೆ ಆ ಮಗು ಕಿರುಚದೆ ಏನು ಮಾಡೀತು? ಇನ್ನೂ ಕೆಲವು ಮಕ್ಕಳು ಮಾತಿನ ನಡುವೆ ಹತ್ತು ಸೆಕೆಂಡು ನೋಟ ನೆಟ್ಟು ಕಲ್ಲಾಗಿ, ಏನೂ ಆಗದಂತೆ ಮತ್ತೆ ಎಚ್ಚರಗೊಳ್ಳುತ್ತಾರೆ. ಅದು ಮೂರ್ಛೆಯ ಒಂದು ಬಗೆ, ಔಷಧಕ್ಕೆ ಬಗ್ಗುವಂಥದು. ಅದಕ್ಕೆ ಕೂಡ ಹಗಲುಗನಸೆಂದು ಹೆಸರಿಟ್ಟು ಕಿವಿ ಹಿಂಡಿದವರಿದ್ದಾರೆ. ಇವೆಲ್ಲಕ್ಕೂ ಕೆಳಗೆ ರಕ್ತಹೀನತೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ರಕ್ತದಲ್ಲಿ ಕಬ್ಬಿಣ ಸಾಲದ ಮಗುವಿಗೆ ಮನಸ್ಸು ನಿಲ್ಲಿಸುವುದು ಕಷ್ಟ. ಕಬ್ಬಿಣ ಕರಗಿಸಿ ನಾಡಿಗೆಲ್ಲ ಕೊಟ್ಟ ಭದ್ರಾವತಿಯೂ ಈ ಕರ್ನಾಟಕದಲ್ಲೇ ಇದೆ.

ಹೀಗೆ ಕಿವಿ, ಕಣ್ಣು, ಮಿದುಳು, ಹೊಟ್ಟೆ ಎಂದು ಬೇರೆಬೇರೆ ಬಾಗಿಲಿಗೆ ಕರೆದೊಯ್ಯಬೇಕಾದ ಮಕ್ಕಳನ್ನೆಲ್ಲ ಒಂದೇ ಚೀಟಿ ಅಂಟಿಸಿ ಹಿಂದಿನ ಬೆಂಚಿಗೆ ಕಳುಹಿಸುವುದರಿಂದ ಆಗುವ ಅನಾಹುತವೆಂದರೆ, ಹುಡುಕಾಟ ಅಲ್ಲಿಗೇ ನಿಂತುಹೋಗುವುದು. ಚೀಟಿಯೇ ರೋಗನಿದಾನವಾಗಿಬಿಡುತ್ತದೆ. ನಿಂತ ಜಾಗದಲ್ಲಿ ಅಂಗಡಿ ತೆರೆಯಲು ಜಾಣರು ಕಾದಿರುತ್ತಾರೆ. ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ ಪುಸ್ತಕ ಓದಿಸುತ್ತೇವೆ, ಮಿಡ್‌ಬ್ರೈನ್ ಎಚ್ಚರಿಸುತ್ತೇವೆ ಎಂದು ಸಾವಿರಾರು ರೂಪಾಯಿ ಎಣಿಸಿಕೊಂಡವರ ಬಣ್ಣವನ್ನು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಬಯಲಿಗೆಳೆದರು. ಮೂಗಿನ ಪಕ್ಕದ ಸಂದಿಯಿಂದ ಇಣುಕುವುದೇ ಆ ವಿದ್ಯೆಯ ರಹಸ್ಯ. ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಜನಕ್ಕೆ ತಿಳಿಯುವಂತೆ ಬರೆದು, ಸಿನಿಮಾವನ್ನೂ ಮಾಡಿಸಿ ತೋರಿಸಿದ ಡಾ. ಅಶೋಕ ಪೈ ಅವರ ಊರು ಶಿವಮೊಗ್ಗ. ಅಂಥ ಊರಿನ ವಿದ್ಯಾವಂತರು ಇದಕ್ಕೆ ಮರುಳಾಗಬಾರದಾಗಿತ್ತು.

ಇಲ್ಲಿಗೆ ಬರುವಷ್ಟರಲ್ಲಿ ಹಿರಿಯರೊಬ್ಬರು ಕೈಯೆತ್ತಿರುತ್ತಾರೆ. “ಸ್ವಾಮಿ, ನಮ್ಮ ಕಾಲದಲ್ಲಿ ಇವೆಲ್ಲ ಇತ್ತೇ? ನಾಲ್ಕು ಬಿಗಿದರೆ ಗಮನ ತಾನಾಗಿ ಬರುತ್ತಿತ್ತು. ಇದೆಲ್ಲ ಮೊಬೈಲು ತಂದ ಪೀಡೆ.” ಇತ್ತು, ಸ್ವಾಮಿ. ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ತನ್ನ ಗ್ರಂಥದಲ್ಲಿ ಗಮನವನ್ನೂ ಅದರ ರೋಗಗಳನ್ನೂ ಕುರಿತು ಒಂದು ಅಧ್ಯಾಯವನ್ನೇ ಬರೆದದ್ದು ೧೭೯೮ರಲ್ಲಿ. ಆಗ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಆಳುತ್ತಿದ್ದ. ೧೯೦೨ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನೇ ಕೊಟ್ಟ. ನಮ್ಮೂರುಗಳಲ್ಲಿಯೂ ಈ ಮಕ್ಕಳು ಇದ್ದರು; ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟು ಕಣ್ಣಿಗೆ ಬೀಳದಂತಾದರು, ಅಷ್ಟೆ. ನಾಲ್ಕು ಬಿಗಿದದ್ದರಿಂದ ಗಮನ ಬಂದದ್ದು ನಿಜವೇ. ಆದರೆ ಬಂದದ್ದು ಕೋಲಿನ ಕಡೆಗೆ.

ಶಾಲೆ ಬಿಟ್ಟವರಿಗೆ ಆಗ ಹೋಗುವುದಕ್ಕೆ ಒಂದು ಜಾಗವಿತ್ತೆಂಬ ಮಾತಿನಲ್ಲಿ ಮಾತ್ರ ಸ್ವಲ್ಪ ತಿರುಳಿದೆ. ಭದ್ರಾವತಿಯಲ್ಲಿ ೧೯೨೩ರಲ್ಲಿ ಕುಲುಮೆ ಹೊತ್ತಿತು. ೧೯೩೬ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿತು. ಕಾರ್ಖಾನೆಗಳ ಸುತ್ತ ಗ್ಯಾರೇಜು, ಗರಗಸದ ಮಿಲ್ಲು, ಲೇತ್ ಇಟ್ಟುಕೊಂಡ ಸಣ್ಣ ವರ್ಕ್‌ಶಾಪು ಎಂದು ಒಂದು ಊರೇ ಬೆಳೆಯಿತು. ಅಕ್ಷರ ಹತ್ತದ ಹುಡುಗನ ಕೈಗೆ ಸ್ಪ್ಯಾನರು ಹತ್ತಿದರೆ ಬದುಕಿಕೊಳ್ಳುತ್ತಿದ್ದ. ಅದನ್ನು ಸ್ವರ್ಣಯುಗವೆಂದು ನಾನು ಹಾಡುವುದಿಲ್ಲ. ಎಷ್ಟು ಹೆಣ್ಣುಮಕ್ಕಳಿಗೆ ಆ ಬಾಗಿಲಿತ್ತು? ಆದರೂ ಬಾಗಿಲಿತ್ತು. ಕಾಗದದ ಕಾರ್ಖಾನೆಯ ಯಂತ್ರಗಳು ೨೦೧೫ರಲ್ಲಿ ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ೨೦೨೩ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರ ಹೋರಾಟದ ನಡುವೆ ಅದೇ ವರ್ಷ ಕೆಲವು ವಿಭಾಗಗಳು ಮತ್ತೆ ಉಸಿರಾಡಿದವು. ಈಗ ಸಣ್ಣ ಕೆಲಸಕ್ಕೂ ಎಸ್.ಎಸ್.ಎಲ್.ಸಿ. ಕಾರ್ಡು ಕೇಳುತ್ತಾರೆ. ಇದ್ದಷ್ಟು ಬಾಗಿಲು ಮುಚ್ಚಿ ಶಾಲೆಯದೊಂದೇ ಉಳಿದಿರುವಾಗ, ಆ ಬಾಗಿಲಲ್ಲಿ ನಿಂತು ‘ಗಮನವಿಲ್ಲ, ಹೊರಗೆ ಹೋಗು’ ಎನ್ನುವುದರ ಅರ್ಥ ಐವತ್ತು ವರ್ಷದ ಹಿಂದೆ ಇದ್ದದ್ದಲ್ಲ.

ಹೊರಗೆ ಹೋಗೆಂದು ಯಾರು ಹೇಳುತ್ತಾರೆ ಎಂದಿರಾ? ಒಂಬತ್ತನೆಯ ತರಗತಿಯ ಮಕ್ಕಳ ಪಾಲಕರನ್ನು ಕೇಳಿ. ೨೦೦೯ರ ಶಿಕ್ಷಣ ಹಕ್ಕಿನ ಕಾಯ್ದೆ ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ತೆಗೆಯಕೂಡದೆನ್ನುತ್ತದೆ. ಎಂಟು ಮುಗಿಯಿತೋ, ಹತ್ತನೆಯ ತರಗತಿಯ ನೂರಕ್ಕೆ ನೂರು ಫಲಿತಾಂಶದ ಬ್ಯಾನರು ಕಣ್ಣಮುಂದೆ ತೂಗತೊಡಗುತ್ತದೆ. ಪಾಲಕರನ್ನು ಕೋಣೆಗೆ ಕರೆಸಿ, ಬಹು ಮೃದುವಾದ ದನಿಯಲ್ಲಿ, “ನಿಮ್ಮ ಮಗುವಿಗೆ ತಕ್ಕ ಬೇರೆ ಶಾಲೆ ನೋಡಿಕೊಳ್ಳಿ, ಟಿ.ಸಿ. ಕೊಡುತ್ತೇವೆ” ಎನ್ನುತ್ತಾರೆ. ಎಲ್ಲ ಶಾಲೆಗಳೂ ಹೀಗೆಂದು ನಾನು ಹೇಳುವುದಿಲ್ಲ. ಆದರೆ ಈ ಮೃದುವಾದ ದನಿ ನಮ್ಮ ಎರಡೂ ಊರುಗಳ ಎಷ್ಟೋ ಪಾಲಕರಿಗೆ ಪರಿಚಿತ. ೨೦೦೭ರಲ್ಲಿ ‘ತಾರೇ ಜಮೀನ್ ಪರ್’ ನೋಡಿ ಕರವಸ್ತ್ರ ಒದ್ದೆ ಮಾಡಿಕೊಂಡು ಥಿಯೇಟರಿನಿಂದ ಹೊರಬಂದವರು ನಾವೇ. ಪರದೆಯ ಮೇಲಿನ ಮಗುವಿಗೆ ಅಳುವುದು ಸುಲಭ; ಅದು ನಮ್ಮ ಶಾಲೆಯ ಶೇಕಡಾವಾರನ್ನು ಕೆಡಿಸುವುದಿಲ್ಲ.

“ಒಂದು ಮಗುವಿಗೋಸ್ಕರ ಐವತ್ತು ಮಕ್ಕಳನ್ನು ಹಿಂದೆ ಬೀಳಿಸಬೇಕೇ?” ಎಂಬುದು ಇನ್ನೊಂದು ಪ್ರಶ್ನೆ. ಇದನ್ನು ಕೇಳುವ ಉಪಾಧ್ಯಾಯರ ಬಗ್ಗೆ ನನಗೆ ನಿಜವಾದ ಸಹಾನುಭೂತಿಯಿದೆ. ಜನಗಣತಿ, ಚುನಾವಣೆ, ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ ಎಲ್ಲವನ್ನೂ ಅವರ ತಲೆಗೆ ಕಟ್ಟಿ, ಮೇಲೆ ಒಬ್ಬೊಬ್ಬ ಮಗುವಿನ ಮನಸ್ಸನ್ನೂ ಓದಿರೆಂದರೆ ಯಾರು ತಾನೆ ಓದಿಯಾರು? ಇಂಥ ಮಕ್ಕಳಿಗೆ ವಿಶೇಷ ಶಿಕ್ಷಕರನ್ನು ನೇಮಿಸಲೇಬೇಕೆಂದು ಸುಪ್ರೀಂ ಕೋರ್ಟು ೨೦೨೧ರಲ್ಲಿ ಹೇಳಿತು. ಆಮೇಲೆ ಬಂದ ಪ್ರಮಾಣದ ಪ್ರಕಾರ ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ಬೇಕು. ನಮ್ಮಲ್ಲಿ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರಿದ್ದಾರೆ. ಶಾಲೆಯಿಂದ ಶಾಲೆಗೆ ಬಸ್ಸು ಹತ್ತಿ ಇಳಿಯುವುದರಲ್ಲಿಯೇ ಅವರ ದಿನ ಕಳೆಯುತ್ತದೆ. ಆದುದರಿಂದ ಐವತ್ತು ಮಕ್ಕಳ ಹೆಸರಿನಲ್ಲಿ ಸಿಟ್ಟಾಗುವ ಉಪಾಧ್ಯಾಯರು ಆ ಸಿಟ್ಟನ್ನು ಬೆಂಗಳೂರಿನ ಕಡೆಗೆ ತಿರುಗಿಸಲಿ. ಹಿಂದಿನ ಬೆಂಚಿನ ಕಡೆಗಲ್ಲ. ಅಲ್ಲದೆ, ನೀರು ಕುಡಿಯಲು ಏಳಗೊಡುವುದು, ಮುಂದಿನ ಸಾಲಿನಲ್ಲಿ ಕೂರಿಸುವುದು, ಹತ್ತು ಲೆಕ್ಕದ ಬದಲು ನಾಲ್ಕೇ ಕೊಟ್ಟು ನಾಲ್ಕನ್ನೂ ತಿದ್ದುವುದು, ಹಲಗೆ ಒರಸುವ ಕೆಲಸ ಒಪ್ಪಿಸಿ ಕಾಲಿಗೆ ನಡೆ ಕೊಡುವುದು, ಇವಕ್ಕೆ ಯಾವ ಕೋರ್ಟಿನ ಆದೇಶವೂ ಬೇಡ. ಇವುಗಳಿಂದ ಉಳಿದ ನಲವತ್ತೊಂಬತ್ತು ಮಕ್ಕಳಿಗೂ ನಷ್ಟವಾದದ್ದನ್ನು ಕಾಣೆ.

ಕಾಯ್ದೆಯ ಮಾತು ಬಂತು. ೧೯೯೫ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. ಕಲಿಕೆಯ ತೊಡಕಾಗಲಿ ಆಟಿಸಮ್ಮಾಗಲಿ ಅದರಲ್ಲಿರಲಿಲ್ಲ. ೨೦೧೬ರ ಕಾಯ್ದೆ ಪಟ್ಟಿಯನ್ನು ಇಪ್ಪತ್ತೊಂದಕ್ಕೆ ಏರಿಸಿತು, ಇವೆರಡೂ ಸೇರಿದವು. ಕಲಿಕೆಯ ತೊಡಕನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾಕ್ರಮ ಹಿಡಿಯುವ ಹೊಣೆಯನ್ನು ಆ ಕಾಯ್ದೆಯ ಹದಿನಾರನೆಯ ಕಲಮು ಹೊರಿಸಿರುವುದು ಯಾರ ಮೇಲೆ? ಮಗುವಿನ ಮೇಲಲ್ಲ, ತಾಯಿಯ ಮೇಲಲ್ಲ. ಸರ್ಕಾರದ ಹಣವೋ ಮಾನ್ಯತೆಯೋ ಪಡೆದ ಶಾಲೆಯ ಮೇಲೆ. ಅಂದಮೇಲೆ ‘ಗಮನವಿಲ್ಲ’ವೆಂದು ವರ್ಷಗಟ್ಟಲೆ ಬರೆದು ಗುರುತಿಸದೆ ಕುಳಿತ ಶಾಲೆ ತನ್ನದೇ ಕರ್ತವ್ಯಲೋಪಕ್ಕೆ ವರ್ಷಗಟ್ಟಲೆ ಸಹಿ ಹಾಕುತ್ತಿದೆಯೆಂದಾಯಿತು.

ಆದರೆ ಕಾಯ್ದೆಯಲ್ಲಿಯೂ ಒಂದು ದೊಡ್ಡ ತೂತಿದೆ. ಎ.ಡಿ.ಎಚ್.ಡಿ. ಎಂದು ವೈದ್ಯರು ಕರೆಯುವ, ಗಮನದ್ದೇ ಆದ ತೊಡಕು ಆ ಇಪ್ಪತ್ತೊಂದರ ಪಟ್ಟಿಯಲ್ಲಿ ಇಲ್ಲ. ೨೦೧೩ರಲ್ಲಿ ಶುರುವಾದ ರಾಷ್ಟ್ರೀಯ ಬಾಲಸ್ವಾಸ್ಥ್ಯ ಕಾರ್ಯಕ್ರಮವು ಶಾಲೆಗಳಲ್ಲಿ ಹುಡುಕಬೇಕಾದ ಮೂವತ್ತು ತೊಂದರೆಗಳಲ್ಲಿ ಅದನ್ನೂ ಸೇರಿಸಿದೆ. ಒಂದು ಇಲಾಖೆ ಹುಡುಕು ಎನ್ನುತ್ತದೆ. ಹುಡುಕಿ ತಂದ ಮೇಲೆ ಇನ್ನೊಂದು ಇಲಾಖೆ ಇದು ನಮ್ಮ ಪಟ್ಟಿಯಲ್ಲಿಲ್ಲವೆನ್ನುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನ ಹೊತ್ತು ಯಾರಿಗೆ ಎಲ್ಲರಿಗಿಂತ ಮೊದಲು ಬೇಕೋ ಅವರೇ ಪಟ್ಟಿಯಿಂದ ಹೊರಗೆ. ಕಲಿಕೆಯ ತೊಡಕಿನ ಪ್ರಮಾಣಪತ್ರವನ್ನು ೨೦೧೮ರ ಮಾರ್ಗಸೂಚಿ ಎಂಟು ವರ್ಷ ತುಂಬುವ ಮೊದಲು ಕೊಡಕೂಡದೆಂದಿತು. ಹದಿನಾಲ್ಕಕ್ಕೂ ಹದಿನೆಂಟಕ್ಕೂ ಮತ್ತೆ ತ‌ಪಾಸಣೆಯಾಗಬೇಕೆಂದಿತು. ಕೂಲಿಯ ತಾಯಿಯೊಬ್ಬಳು ಮಗುವನ್ನು ಕಟ್ಟಿಕೊಂಡು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಂದಳೆಂದರೆ ಒಂದು ದಿನದ ಕೂಲಿ ಹೋಯಿತು. ಬೆಂಗಳೂರಿನ ನಿಮ್ಹಾನ್ಸಿಗೋ ಮೈಸೂರಿನ ವಾಕ್‌ಶ್ರವಣ ಸಂಸ್ಥೆಗೋ ಹೋಗಬೇಕಾಗಿ ಬಂದರೆ ವಾರದ್ದು. ಔಷಧದಿಂದ ಅನುಕೂಲವಾಗುವ ಮಕ್ಕಳೂ ಅನೇಕರಿದ್ದಾರೆ. ಅದು ವೈದ್ಯರು ನಿಂತು ನೋಡಿ ಕೊಡಬೇಕಾದದ್ದು. ಅಲ್ಲಿಗೆ ತಲುಪುವ ಬಸ್ಸಿನ ಚಾರ್ಜೇ ಎಷ್ಟೋ ಮನೆಗಳಲ್ಲಿ ಮೊದಲನೆಯ ಅಡ್ಡಿ.

ಇನ್ನು ನನ್ನ ಹೊಟ್ಟೆಯುರಿಯ ಮಾತಿಗೆ ಬರುತ್ತೇನೆ. ಇಂಥ ಮಕ್ಕಳಿಗೆ ಎರಡನೆಯ, ಮೂರನೆಯ ಭಾಷೆಯಿಂದ ವಿನಾಯಿತಿ ಕೊಡುವ ಮಾತು ೨೦೧೬ರ ಕಾಯ್ದೆಯ ಹದಿನೇಳನೆಯ ಕಲಮಿನಲ್ಲಿದೆ. ದಯೆಯಿಂದ ಬರೆದ ಮಾತು. ನಾನು ಅದರ ವಿರೋಧಿಯಲ್ಲ. ಆದರೆ ನಮ್ಮ ಊರುಗಳಲ್ಲಿ ಅದು ಹೇಗೆ ನಡೆಯುತ್ತದೆ ನೋಡಿ. ಅಜ್ಜಿಯೊಡನೆ, ತಾಯಿಯೊಡನೆ, ತರಕಾರಿಯವಳೊಡನೆ ಕನ್ನಡವಾಡುವ ಮಗು. ಓದುವುದು ಇಂಗ್ಲಿಷ್ ಮಾಧ್ಯಮ. ಕನ್ನಡ ಎರಡನೆಯ ಭಾಷೆ. ಮಗು ತೊಡಕುಪಟ್ಟಿತು. ಹೊರೆ ಇಳಿಸೋಣವೆಂದು ಎಲ್ಲರೂ ಸೇರಿ ಮೊದಲು ಇಳಿಸುವುದು ಕನ್ನಡವನ್ನು! ಅರ್ಥವಾಗುವ ಒಂದೇ ಭಾಷೆಯನ್ನು ತೆಗೆದು ಹೊರಗಿಟ್ಟು, ಅರ್ಥವಾಗದ್ದರಲ್ಲಿ ವಿಜ್ಞಾನ ಗಣಿತಗಳನ್ನು ಹೇಳಿ, ಆಮೇಲೆ ಗಮನವಿಲ್ಲವೆಂದು ಬರೆಯುತ್ತಾರೆ. ತಿಳಿಯದ ಮಾತಿನ ಮೇಲೆ ದಿನವಿಡೀ ಗಮನವಿಡುವುದು ದೊಡ್ಡವರಿಂದಲೇ ಆಗದು; ಸಂಶಯವಿದ್ದವರು ಜರ್ಮನ್ ಭಾಷೆಯ ಭಾಷಣವೊಂದನ್ನು ಅರ್ಧ ಗಂಟೆ ಕೇಳಿ ನೋಡಲಿ.

ಆ ಮಗುವಿಗೆ ಕಷ್ಟವಿರುವುದು ಕನ್ನಡದ ಲಿಪಿಯಲ್ಲಿ, ಕನ್ನಡದಲ್ಲಲ್ಲ. ಹಾಗಾದರೆ ಲಿಪಿಯ ಭಾರವನ್ನು ಇಳಿಸಿ, ಭಾಷೆಯನ್ನು ಏಕೆ ಕಿತ್ತುಕೊಳ್ಳುತ್ತೀರಿ? ಬಾಯಿಯಲ್ಲಿ ಕೇಳಿ, ಬಾಯಿಯಲ್ಲಿ ಹೇಳಲಿ. ಅದಕ್ಕೇ ಅಂಕ ಕೊಡಿ. ಶಿವಮೊಗ್ಗದಿಂದ ಸ್ವಲ್ಪ ದೂರ ಹೋದರೆ ತುಂಗೆಯ ದಡದಲ್ಲಿ ಮತ್ತೂರು, ಹೊಸಹಳ್ಳಿ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ ೨೦೨೨ರಲ್ಲಿ ಪದ್ಮಶ್ರೀ ಬಂದಾಗ ಜಿಲ್ಲೆಯೆಲ್ಲ ಹೆಮ್ಮೆಪಟ್ಟಿತು. ಗಮಕವೆಂದರೇನು? ಅಕ್ಷರ ಬಾರದ ನಾಡಿಗೆ ಕುಮಾರವ್ಯಾಸನನ್ನು ಕಿವಿಯ ದಾರಿಯಲ್ಲಿ ತಲುಪಿಸಿದ ಏರ್ಪಾಡು. ಎಣ್ಣೆದೀಪದ ಬೆಳಕಿನಲ್ಲಿ ರಾತ್ರಿ ಬಹಳ ಹೊತ್ತು ಕುಳಿತು ಕೇಳುತ್ತಿದ್ದ ಆ ಜನರಲ್ಲಿ ಎಷ್ಟು ಮಂದಿ ಇಂದಿನ ಕಾರ್ಡಿನಲ್ಲಿ ‘ಗಮನವಿಲ್ಲ’ದವರಾಗುತ್ತಿದ್ದರೋ! ಇದು ಬರಿಯ ಅಲಂಕಾರದ ಮಾತಲ್ಲ. ಪುಟ ತೆರೆದರೆ ಮೈ ಕೊಡವಿ ಏಳುವ ಹುಡುಗರು, ದನಿ ಏರಿಳಿಸಿ ಉತ್ತರಕುಮಾರನ ಪೌರುಷ ಓದಿದರೆ ತೆಪ್ಪಗೆ ಕುಳಿತು, ಮುಗಿದಮೇಲೆ ‘ಆಮೇಲೆ ಸಾರ್?’ ಎಂದು ಕೇಳಿದ್ದನ್ನು ನನ್ನ ತರಗತಿಗಳಲ್ಲಿಯೇ ಕಂಡಿದ್ದೇನೆ. ಕನ್ನಡದ ಮೇಷ್ಟರುಗಳಾದ ನಾವು ‘ವಿನಾಯಿತಿ’ಯ ಕಾಗದಕ್ಕೆ ಸಹಿ ಬಿದ್ದ ದಿನ ಒಬ್ಬ ವಿದ್ಯಾರ್ಥಿ ಕಡಿಮೆಯಾದನೆಂದು ಹಾಯಾಗಿ ಕೂರುವುದು ನಾಚಿಕೆಗೇಡು. ನಮ್ಮ ಸಂಘಗಳು ತುಟ್ಟಿಭತ್ಯೆಗಾಗಿ ಮಾಡುವ ಠರಾವುಗಳ ನಡುವೆ, ಇಂಥ ಮಕ್ಕಳಿಗೆ ಕನ್ನಡದಲ್ಲಿ ಬಾಯಿಪರೀಕ್ಷೆ ಬೇಕೆಂದು ಒಂದು ಠರಾವು ಮಾಡಿದರೆ ಭತ್ಯೆಯೇನೂ ಕಡಿಮೆಯಾಗದು.

ಮುಖ್ಯೋಪಾಧ್ಯಾಯರುಗಳಿಗೂ ಒಂದು ಬಿನ್ನಹ. ಪ್ರಗತಿಪತ್ರದಲ್ಲಿ ಆ ಎರಡು ಪದಗಳನ್ನು ನಿಷೇಧಿಸಿರಿ. ಬದಲಾಗಿ, ಈ ಮಗು ಯಾವುದರಲ್ಲಿ ಎಷ್ಟು ಹೊತ್ತು ನಿಂತಿತು, ಯಾವಾಗ ಬಿಟ್ಟೆದ್ದಿತು, ಕಿವಿ ಕಣ್ಣುಗಳ ತಪಾಸಣೆಯಾಯಿತೇ ಎಂದು ಬರೆಯುವಂತೆ ಮಾಡಿರಿ. ಬರೆಯಬೇಕಾದರೆ ನೋಡಬೇಕಾಗುತ್ತದೆ, ಅಷ್ಟಾದರೂ ಲಾಭ.

ಪಾಲಕರಿಗೆ ಹೇಳುವುದು ಇನ್ನೂ ಚಿಕ್ಕದು. ಕೋಣೆಗೆ ಕರೆಸಿ ಮೃದುವಾಗಿ ಟಿ.ಸಿ.ಯ ಮಾತೆತ್ತಿದರೆ ಜಗಳವಾಡಬೇಡಿ, ಅಳಬೇಡಿ. ‘ಕಾರಣವನ್ನು ಬರೆದು, ಮೊಹರು ಹಾಕಿ ಕೊಡಿ’ ಎನ್ನಿ. ಅಡಿಕೆ ಆರಿಸುತ್ತಿದ್ದ ಆ ಹುಡುಗ ಈಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಅವನ ತಂದೆಯನ್ನು ಜೂನ್ ತಿಂಗಳಿನಲ್ಲಿ ಕರೆಸಿದ್ದರು. ಅವರು ಇಷ್ಟನ್ನೇ ಕೇಳಿದರು. ಎರಡು ದಿನ ಬಿಟ್ಟು ಬನ್ನಿ ಎಂದರಂತೆ; ಹೋದಾಗ ಮತ್ತೆರಡು ದಿನ ಎಂದರಂತೆ. ಆ ಕಾಗದ ಈವರೆಗೂ ಸಿದ್ಧವಾಗಿಲ್ಲ. ಹುಡುಗ ದಿನವೂ ಶಾಲೆಗೆ ಹೋಗಿಬರುತ್ತಿದ್ದಾನೆ.